ಮಿಂಚಂಚೆ ಪೆಟ್ಟಿಗೆಯ ಸ್ವರೂಪ ನಿರ್ಣಯ

ಪೆಟ್ಟಿಗೆ ಎಂಬುದು ಇಲ್ಲ. ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇವೆ. ಕೊನೆವರೆಗೆ ಕಾಯಿಸುವುದು ಪತ್ತೇದಾರಿ ಕಾದಂಬರಿಕಾರರ ಕೆಲಸ, ವಿದ್ವಾಂಸರದ್ದಲ್ಲ.

ಇರುವುದು ಬರೀ ಕಡತ. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು ಹೆಸರಿಗೂ ಯಂತ್ರಕ್ಕೂ ನಡುವೆ ‘ಆ್ಯಟ್’ ಚಿಹ್ನೆ ಕೂರಿಸಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಓಲೆ ಕಳಿಸಿದಾಗ, ಅದು ಹೋಗಿ ಅಂಟಿಕೊಂಡದ್ದು ಒಂದು ಸಾದಾ ಕಡತದ ಬಾಲಕ್ಕೆ. ಆ ಕಡತದ ವಿಶೇಷ ಒಂದೇ: ಬೇರೆಯವರು ಅದಕ್ಕೆ ಹಾಕಬಹುದು, ಒಳಗಿನದನ್ನು ಓದುವಂತಿಲ್ಲ, ತಿದ್ದುವಂತಿಲ್ಲ. ಇದಕ್ಕೆ ನಮ್ಮಲ್ಲಿ ಹುಂಡಿ ಎನ್ನುತ್ತಾರೆ. ಆದ್ದರಿಂದ ಮಿಂಚಂಚೆಯ ಮೂಲ ನಮ್ಮ ದೇವಸ್ಥಾನಗಳಲ್ಲೇ ಇದೆಯೆಂದು ಸಾಧಿಸುವ ಆಸೆಯಿತ್ತು. ಪುರಾವೆ ಸಾಲದೆ ಕೈಬಿಟ್ಟಿದ್ದೇವೆ.

ಮುಂದೆ ಎರಡು ಮತಗಳು ಹುಟ್ಟಿದವು. ಮೊದಲನೆಯದು ಎಂಬಾಕ್ಸ್ ಮತ. ನಾವು ತಂತಿ ಮತ ಎನ್ನುತ್ತೇವೆ. ಅಜ್ಜನ ಮನೆಯ ಗೋಡೆಯ ಮೇಲಿನ, ತುದಿ ಬಾಗಿದ ತಂತಿಯನ್ನು ಓದುಗರು ನೆನೆಯಬೇಕು: ಕಂದಾಯದ ರಸೀದಿ, ಇನ್‌ಲ್ಯಾಂಡ್ ಲೆಟರು, ಕರೆಂಟು ಬಿಲ್ಲು, ಎಲ್ಲ ಬಂದ ಕ್ರಮದಲ್ಲೇ ಚುಚ್ಚಿಸಿಕೊಂಡು ನೇತಾಡುತ್ತಿದ್ದವು. ಎಂಬಾಕ್ಸಿನಲ್ಲೂ ಸಾವಿರಾರು ಓಲೆಗಳು ಒಂದೇ ಕಡತದಲ್ಲಿ. ಹೊಸ ಓಲೆ ಶುರುವಾಯಿತೆಂದು ಗೊತ್ತಾಗುವುದು ‘ಫ್ರಮ್’ ಎಂಬ ಪದದಿಂದ ತೊಡಗುವ ಸಾಲಿನಿಂದ. ಹಾಗಾದರೆ ಓಲೆ ಬರೆದವನೇ ನಡುವೆ ಒಂದು ಸಾಲನ್ನು ‘ಫ್ರಮ್’ ಎಂದು ತೊಡಗಿಸಿದರೆ? ಯಂತ್ರ ಒಂದನ್ನು ಎರಡೆಂದು ಎಣಿಸೀತು. ಅದಕ್ಕೇ ಆ ಸಾಲಿನ ಹಣೆಗೊಂದು ಬಾಣದ ಗುರುತು ಇಡುತ್ತಾರೆ, ಕೂಸಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ನಡುವಿನ ಒಂದು ಕಾಗದ ಬೇಡವೆಂದರೆ ಮಾತ್ರ ಮೇಲಿನದೆಲ್ಲ ಬಿಚ್ಚಿ ಮತ್ತೆ ಚುಚ್ಚಬೇಕು. ಅಷ್ಟರಲ್ಲಿ ಕರೆಂಟು ಹೋದರೆ ದೇವರೇ ಗತಿ.

ಎರಡನೆಯದು ಮೇಲ್‌ಡಿರ್ ಮತ. ಪ್ರವರ್ತಕರು ಡೇನಿಯಲ್ ಬರ್ನ್‌ಸ್ಟೈನ್. ಓಲೆಗೊಂದು ಕಡತ, ಮೂರು ಕೋಣೆ. ಪೂರ್ತಿ ಬಂದು ಸೇರುವವರೆಗೆ ‘ಟೆಂಪ್’ ಎಂಬ ಜಗಲಿ. ಆಮೇಲೆ ‘ನ್ಯೂ’ ಎಂಬ ಪಡಸಾಲೆ. ಯಾರಾದರೂ ಬಂದು ನೋಡಿದ ಮೇಲೆ ‘ಕರ್’ ಎಂಬ ಒಳಮನೆ. ಓದಿದ್ದಕ್ಕೆ ಹೆಸರಿನ ಕೊನೆಗೆ ‘ಎಸ್’, ಉತ್ತರಿಸಿದ್ದಕ್ಕೆ ‘ಆರ್’, ಬಿಸಾಡಲು ಇಟ್ಟದ್ದಕ್ಕೆ ‘ಟಿ’.

ಈ ‘ಟಿ’ ದೊಡ್ಡ ತೊಡಕು. ಲೋಕರೂಢಿಯಲ್ಲಿ ಅಳಿಸುವುದೆಂದರೆ ಅಳಿಸುವುದು. ದೂರದ ಯಂತ್ರದಲ್ಲಿರುವ ಓಲೆಗಳನ್ನು ಓದಿಸುವ ಐಮ್ಯಾಪ್ ಶಾಸ್ತ್ರದಲ್ಲಿ ಹಾಗಲ್ಲ. ಅಲ್ಲಿ ‘ಡಿಲೀಟೆಡ್’ ಬರೀ ಹಣೆಪಟ್ಟಿ. ‘ಎಕ್ಸ್‌ಪಂಜ್’ ಎಂಬ ಎರಡನೆಯ ಅಪ್ಪಣೆ ಆಗುವವರೆಗೆ ಓಲೆ ತ್ರಿಶಂಕು, ಉತ್ತರಕ್ರಿಯೆ ಆಗದ ಜೀವದಂತೆ ಅಲ್ಲೇ ಸುಳಿಯುತ್ತಿರುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಅಡುಗೆಮನೆಯಿಂದ ಕೇಳಿಬರುತ್ತದೆ: “ನಿಮ್ಮ ಮೇಲ್ ಫುಲ್ ಅಂತೆ, ಕರೆಂಟ್ ಬಿಲ್ ವಾಪಸ್ ಹೋಗಿದೆ. ಮೊದಲು ಅದನ್ನೆಲ್ಲ ಅಳಿಸ್ರೀ!” ಆಕ್ಷೇಪದ ಮೂಲ ಆಕೆಯ ತವರಿನಲ್ಲೇ ಇದೆ. ಷಡ್ಡಕ ತನ್ನ ತಂಗಿಯ ಲಗ್ನಪತ್ರಿಕೆಯನ್ನು 9 ಎಂಬಿಯ ಚಿತ್ರವಾಗಿ ಕಳಿಸಿದ್ದ. ಲಗತ್ತಿನ ಪ್ರತಿ 3 ಬೈಟು 4 ಅಕ್ಷರವಾಗುವ ನಿಯಮದಂತೆ ಅದು ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿ 12 ಎಂಬಿ ಆಗಿ ಬಂತು. ‘ಬಂಧುಮಿತ್ರರೊಡನೆ’ ಎಂಬ ಪದ ಬಿಟ್ಟುಹೋಗಿದೆಯೆಂದು ಮತ್ತೆ ಕಳಿಸಿದ. ಮುಹೂರ್ತ ತಿದ್ದಿ ಇನ್ನೊಮ್ಮೆ.

ಅಳಿಸಿದ್ದೇನೆ ಎಂಬುದು ನಮ್ಮ ಉತ್ತರ, ಅದು ಸುಳ್ಳೂ ಅಲ್ಲ. ಆ ದಂಪತಿಯ ಮಗಳು ಈಗ ಮೂರನೇ ಕ್ಲಾಸು. ಮೂರೂ ಪತ್ರಿಕೆಗಳು ಮಾತ್ರ ಮೈಮೇಲೆ ಅಡ್ಡಗೀಟು ಎಳೆಸಿಕೊಂಡು, ಎರಡು ಬೇರೆ ಬೇರೆ ಮುಹೂರ್ತಗಳಿಗೆ ನಮ್ಮನ್ನಿನ್ನೂ ಊಟಕ್ಕೆ ಕರೆಯುತ್ತಿವೆ.