ಒಂದೂವರೆ ಶಿಫ್ಟಿನ ವ್ಯಕ್ತಿತ್ವ ವಿಕಸನ

ಉಪದೇಶವನ್ನು ಈಗ ಕಿವಿಯಿಂದ ಕೇಳಬೇಕಾಗಿಲ್ಲ, ಎದೆಯ ಮೇಲೆ ತೊಟ್ಟುಕೊಂಡೇ ಓಡಾಡಬಹುದು. ‘ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬಾ’ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಟೀ ಶರ್ಟುಗಳು ಬೆಂಗಳೂರಿನ ಮಾಲುಗಳಲ್ಲಿ ಮೀಡಿಯಂ, ಲಾರ್ಜ್, ಎಕ್ಸ್‌ಎಲ್ ಅಳತೆಗಳಲ್ಲಿ ತೂಗಾಡುತ್ತವೆ. ಬಟ್ಟೆ ಶುದ್ಧ ಕಾಟನ್, ಮೆತ್ತಗೆ. ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ಉರುಳಿಕೊಂಡು ಟೀವಿ ನೋಡಲು ಇದಕ್ಕಿಂತ ಆರಾಮದ ಅಂಗಿ ಇನ್ನೊಂದಿಲ್ಲ. ಈ ದೇಶದಲ್ಲಿ ಇಂಥ ಹೆಣಿಗೆ ಬಟ್ಟೆಗೆ ರಾಜಧಾನಿ ತಮಿಳುನಾಡಿನ ತಿರುಪ್ಪೂರು. ಅಲ್ಲಿನವರ ಬಾಯಲ್ಲಿ ಕಾರ್ಖಾನೆ ಎಂದರೆ ಇಂದಿಗೂ ಬನಿಯನ್ ಕಂಪನಿ. ಮಾಲು ಅಮೆರಿಕಕ್ಕಾದರೂ ಹೋಗಲಿ, ಜರ್ಮನಿಗಾದರೂ ಹೋಗಲಿ, ಕಂಪನಿ ಮಾತ್ರ ಬನಿಯನ್ನಿನದೇ.

ಅಂಗಿಯ ಮೇಲಿನ ಆ ಒಂದು ವಾಕ್ಯವನ್ನು ಎರಡು ದಿನ ಎಳೆದರೆ ಶಿಬಿರವಾಗುತ್ತದೆ. ಬೆಂಗಳೂರಾಗಲಿ, ಕೊಯಮತ್ತೂರಿನ ಅವಿನಾಶಿ ರಸ್ತೆಯಾಗಲಿ, ದೊಡ್ಡ ಹೋಟೆಲಿನ ಎ.ಸಿ. ಹಾಲ್ ಇದ್ದಲ್ಲೆಲ್ಲ ಇದು ನಡೆಯುತ್ತದೆ. ತರಬೇತುದಾರರು ಬಿಳಿ ಬೋರ್ಡಿನ ಮೇಲೆ ಒಂದು ವೃತ್ತ ಎಳೆಯುತ್ತಾರೆ. ಒಳಗೆ ‘ನೀವು’ ಎಂದು ಬರೆದು, ಹೊರಗೆ ‘ಮ್ಯಾಜಿಕ್’ ಎಂದು ಬರೆಯುತ್ತಾರೆ. ಎದುರಿಗೆ ಮೆತ್ತನೆ ಕುರ್ಚಿ, ಹನ್ನೊಂದಕ್ಕೆ ಕಾಫಿ ಬಿಸ್ಕತ್ತು, ಒಂದಕ್ಕೆ ಬಫೆ. ಎ.ಸಿ. ತುಸು ಹೆಚ್ಚಾಗಿ ಯಾರಿಗಾದರೂ ಚಳಿಯಾದರೆ ಕಡಿಮೆ ಮಾಡಲೆಂದು ಹುಡುಗನೊಬ್ಬ ಬಾಗಿಲ ಬಳಿ ನಿಂತಿರುತ್ತಾನೆ. ಒಡಿಶಾದವನೋ ಬಿಹಾರದವನೋ ಇರುತ್ತಾನೆ. ಇಡೀ ಹಾಲಿನಲ್ಲಿ ಆ ವೃತ್ತದ ಹೊರಗೆ ಕಾಲಿಟ್ಟವನು ಅವನೊಬ್ಬನೇ. ಅನುಭವ ಹೇಳಿಕೊಳ್ಳಲು ಮಾತ್ರ ಅವನನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ.

ಈ ಶಾಸ್ತ್ರದ ಮೂಲ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಇಲಿ. 1908ರಲ್ಲಿ ಅಮೆರಿಕದ ರಾಬರ್ಟ್ ಯರ್ಕೀಸ್ ಮತ್ತು ಜಾನ್ ಡಾಡ್ಸನ್ ಎಂಬ ಇಬ್ಬರು ಪುಟ್ಟ ಇಲಿಗಳಿಗೆ ಎರಡು ಗೂಡು ತೋರಿಸಿದರು, ಒಂದು ಬಿಳಿ, ಒಂದು ಕಪ್ಪು. ಕಪ್ಪು ಗೂಡಿಗೆ ಹೊಕ್ಕರೆ ಕರೆಂಟು ಹೊಡೆಯುತ್ತದೆ. ಪಾಠ ಕಷ್ಟದ್ದಾದಾಗ ತೀರಾ ಸಣ್ಣ ಶಾಕ್‌ಗೆ ಇಲಿ ಬೇಗ ಕಲಿಯಲಿಲ್ಲ, ತೀರಾ ದೊಡ್ಡದಕ್ಕೆ ಗಲಿಬಿಲಿಗೊಂಡಿತು, ನಡುವಿನ ಶಾಕ್‌ಗೆ ಚೆನ್ನಾಗಿ ಕಲಿಯಿತು. ತುಸು ನೋವಿದ್ದರೆ ಮನುಷ್ಯ ಬೆಳೆಯುತ್ತಾನೆ ಎಂದು ಇವತ್ತು ವೇದಿಕೆಯಿಂದ ಹೇಳುವವರೆಲ್ಲ ಬೆರಳು ತೋರಿಸುವುದು ಈ ಇಲಿಗಳ ಕಡೆಗೇ. ಅವರು ಹೇಳದೆ ಬಿಡುವ ವಿವರ ಒಂದಿದೆ. ಸ್ವಿಚ್ಚು ಇಲಿಯ ಕೈಯಲ್ಲಿ ಇರಲಿಲ್ಲ.

ಆಮೇಲೆ 1991ರಲ್ಲಿ ಜುಡಿತ್ ಬಾರ್ಡ್‌ವಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಕಂಫರ್ಟ್ ಝೋನಿನ ಅಪಾಯದ ಬಗ್ಗೆ ಪುಸ್ತಕ ಬರೆದರು. ಕಂಫರ್ಟ್ ಝೋನ್ ಮ್ಯಾನೇಜ್‌ಮೆಂಟ್ ಜನರ ಬಾಯಿಗೆ ಬಿದ್ದದ್ದು ಹೆಚ್ಚಾಗಿ ಅಲ್ಲಿಂದಲೇ. ಅವರ ದೂರು ಇಷ್ಟು: ಕೆಲಸ ಹೋಗುವುದಿಲ್ಲ ಎಂಬ ಧೈರ್ಯ ನೌಕರರಲ್ಲಿ ಬೇರೂರಿ ಅಮೆರಿಕದ ಕಂಪನಿಗಳು ಕೆಟ್ಟಿವೆ. ಅಂದರೆ ಈ ಕಾಯಿಲೆಯ ಹೆಸರು ಮೊದಲಿಗೆ ಕಾಯಂ ನೌಕರಿ ಎಂದಿತ್ತು. ಔಷಧಿ ಯಾವುದೆಂದು ಬೇರೆ ಹೇಳಬೇಕೆ?

ತಿರುಪ್ಪೂರಿನಲ್ಲಿ ಆ ಕಾಯಿಲೆ ಹರಡುವ ಭಯವೇ ಇಲ್ಲ. ಎಂಟು ಗಂಟೆ ಕೆಲಸ ಒಂದು ಶಿಫ್ಟು. ಬೆಳಿಗ್ಗೆ ಎಂಟೂವರೆಗೆ ಹೊಕ್ಕವರು ರಾತ್ರಿ ಎಂಟೂವರೆಗೆ ಹೊರಬಿದ್ದರೆ ಒಂದೂವರೆ ಶಿಫ್ಟು. ಹಡಗು ಕಾಯುತ್ತಿದೆ ಎಂದರೆ ಎರಡೂ ಆಗುತ್ತದೆ. ಪವರ್ ಟೇಬಲ್, ಅಂದರೆ ಹೊಲಿಗೆ ಮಿಷನ್ನಿನವರಿಗೆ ಅದೂ ಇಲ್ಲ, ಪೀಸ್ ರೇಟು. ಇಷ್ಟು ಕೈ ಹೊಲಿದರೆ ಇಷ್ಟು, ಇಷ್ಟು ಕೊರಳಪಟ್ಟಿ ಕೂಡಿಸಿದರೆ ಇಷ್ಟು. ಚೆಕ್ಕಿಂಗಿನಲ್ಲಿ ಬಿದ್ದ ಪೀಸು ಬಿಚ್ಚಿ ಮತ್ತೆ ಹೊಲಿಯಬೇಕು, ಅದಕ್ಕೆ ಕಾಸಿಲ್ಲ. ಹಾಗೂ ಪಾಸಾಗದೆ ಉಳಿದದ್ದು ರೈಲು ನಿಲ್ದಾಣದ ಹತ್ತಿರದ ಖಾದರ್‌ಪೇಟೆಯಲ್ಲಿ ರಾಶಿ ಬೀಳುತ್ತದೆ. ಅಮೆರಿಕನ್ನರಿಗೆ ಒಗ್ಗದ ಉಪದೇಶ ಅಲ್ಲಿ ಕಡಿಮೆ ಬೆಲೆಗೆ ನಮಗೆ ಸಿಗುತ್ತದೆ.

ಈ ಮಿಷನ್ನುಗಳ ಮುಂದೆ ಕೂರುವವರು ಯಾವ ವೃತ್ತ ದಾಟಿ ಬಂದರು ಎಂದು ತಿಳಿಯಬೇಕಾದರೆ ಧನಬಾದ್–ಆಲಪ್ಪುಳ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ತಿರುಪ್ಪೂರಿನಲ್ಲಿ ಖಾಲಿಯಾಗುವುದನ್ನು ನೋಡಬೇಕು. ನಮ್ಮ ಚಾಮರಾಜನಗರ, ಹನೂರಿನ ಕಡೆಯವರೂ ಇದ್ದಾರೆ. ಅವರು ರೈಲಲ್ಲ, ಹಾಸನೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಬಸ್ಸಿನಲ್ಲಿ ಇಳಿದು, ಬಣ್ಣಾರಿ ಅಮ್ಮನಿಗೆ ಕಿಟಕಿಯಿಂದಲೇ ಕೈಮುಗಿದು ಬರುತ್ತಾರೆ. ಮಳೆ ಕೈಕೊಟ್ಟ ಹೊಲ, ಕೈಸಾಲ ಇವರನ್ನು ಊರಿಂದ ಹೊರಗೆ ತಳ್ಳಿದವು. ಯಾವ ಕೋಚೂ ಬರಬೇಕಾಗಲಿಲ್ಲ. 2023ರ ಆರಂಭದಲ್ಲಿ, ಹೋಳಿಯ ಹೊತ್ತಿಗೆ, ಬಿಹಾರದ ಕಾರ್ಮಿಕರ ಮೇಲೆ ಹಲ್ಲೆಯಾಗುತ್ತಿದೆ ಎಂಬ ಸುಳ್ಳು ವಿಡಿಯೋಗಳು ಹರಿದಾಡಿದಾಗ ಆ ರೈಲಿನಲ್ಲಿ ಬಂದ ಜನ ಗಾಬರಿಯಾಗಿ ಗಂಟುಮೂಟೆ ಕಟ್ಟಿದರು. ಬಿಹಾರದಿಂದ ಅಧಿಕಾರಿಗಳ ತಂಡವೇ ಬಂದು ವಿಚಾರಿಸಿಕೊಂಡು ಹೋಯಿತು. ಕಾರ್ಮಿಕರು ಹೋದರೆ ಕಂಪನಿ ಹೇಗೆ ನಡೆಯುತ್ತದೆ ಎಂದು ಊರೇ ಕಂಗಾಲಾದದ್ದು ಆಗಲೇ. ಯಾರ ಕಂಫರ್ಟ್ ಯಾರ ಬೆನ್ನ ಮೇಲೆ ಕೂತಿದೆ ಎಂಬುದು ಕೆಲವು ದಿನ ಎಲ್ಲರಿಗೂ ಕಾಣಿಸಿತು. ಹೋಳಿ ಮುಗಿಯಿತು, ಮರೆತರು.

ಇನ್ನು ವೃತ್ತವೇ ಇಲ್ಲದ, ಬರೀ ಗುಂಡಿ ಇರುವ ಕಡೆಗೆ ಹೋಗೋಣ. ಕೊಯಮತ್ತೂರು ಜಿಲ್ಲೆಯ ಸಿರುಮುಗೈ ರೇಷ್ಮೆ ಸೀರೆಗೆ ಹೆಸರಾದ ಊರು. ಅಲ್ಲಿ ನೇಯುವವರಲ್ಲಿ ಬಹಳಷ್ಟು ಮಂದಿ ದೇವಾಂಗರು, ಮನೆಯಲ್ಲಿ ಕನ್ನಡ ಆಡುವವರು. ಹಿರಿಯರು ತಲೆಮಾರುಗಳ ಹಿಂದೆ ಕನ್ನಡ ನಾಡು ಬಿಟ್ಟು ಬಂದರು. ಓದು ಬರಹವೆಲ್ಲ ತಮಿಳಿನಲ್ಲಿ, ಜಗಳ ಮತ್ತು ಮುದ್ದು ಕನ್ನಡದಲ್ಲಿ. ಗುಂಡಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಳಿ. ನೇಕಾರ ಅದರ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು ತುಳಿಮಣೆ ತುಳಿಯುತ್ತಾನೆ. ಮೇಲೆ ಒಂದು ಕೈಯಲ್ಲಿ ಲಾಳಿಯ ಹಗ್ಗ, ಇನ್ನೊಂದು ಕೈಯಲ್ಲಿ ಹಲಗೆ. ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾಳೆ. ಮಳೆಗಾಲದಲ್ಲಿ ಕುಳಿಗೆ ತೇವ ಏರಿ ನೂಲು ಅಂಟಿಕೊಂಡರೆ ಕೆಲಸ ನಿಂತಿತು. ನಿಂತ ದಿನಕ್ಕೆ ಕೂಲಿಯಿಲ್ಲ.

ಒಬ್ಬ ತರಬೇತುದಾರರನ್ನು ಅಲ್ಲಿಗೆ ಕರೆದೊಯ್ದರೆ ಏನಾಗಬಹುದು ಎಂದು ಊಹಿಸುತ್ತೇನೆ.

“ಅಣ್ಣಾ, ಎಷ್ಟು ವರ್ಷದಿಂದ ಇದೇ ಜಾಗದಲ್ಲಿ ಕೂತಿದ್ದೀರಿ? ಹೊರಗೆ ಬನ್ನಿ, ಬೆಳೆಯುತ್ತೀರಿ.”

“ಬರ್ತೀನಿ ಸಾರ್. ಅಷ್ಟೊತ್ತು ನೀವು ಇಳಿದು ತುಳೀತಿರಿ, ಸೀರೆ ನಾಳೆ ಕೊಡಬೇಕು.”

ಊಹೆ ನನ್ನದು, ಆದರೆ ಹೊರಗೆ ಬಂದವರು ಊಹೆಯಲ್ಲ. ಮಗ್ಗದ ಕೂಲಿ ಹೊಟ್ಟೆಗೆ ಸಾಲದ ಮನೆಗಳ ಮಕ್ಕಳು ಗುಂಡಿಯಿಂದ ಎದ್ದು ಕಂಪನಿ ಸೇರಿದ್ದಾರೆ. ಬೆಳವಣಿಗೆ ಖಂಡಿತ ಆಗಿದೆ, ಕುಳಿಯಿಂದ ಸ್ಟೂಲಿನ ಎತ್ತರಕ್ಕೆ.

ಈ ಭಾಗದಲ್ಲಿ ವ್ಯಕ್ತಿತ್ವ ವಿಕಸನಕ್ಕೆ ಮೂರು ವರ್ಷದ ವಸತಿ ಶಿಬಿರವೂ ಇತ್ತು. ಹೆಸರು ಸುಮಂಗಲಿ ಯೋಜನೆ. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡುಕಲ್ಲಿನ ನೂಲಿನ ಗಿರಣಿಗಳು ಬಡ ಊರುಗಳ, ಅದರಲ್ಲೂ ದಲಿತ ಕೇರಿಗಳ ಹದಿಹರೆಯದ ಹುಡುಗಿಯರನ್ನು ಕರೆತಂದು ಹಾಸ್ಟೆಲಿನಲ್ಲಿ ಇಡುತ್ತಿದ್ದವು. ಸಂಬಳದಲ್ಲಿ ಒಂದು ಪಾಲು ಹಿಡಿದಿಟ್ಟು, ಮೂರು ವರ್ಷ ಪೂರ್ತಿ ದುಡಿದವಳಿಗೆ ಕೊನೆಯಲ್ಲಿ ಇಡಿಗಂಟು, ಮದುವೆ ಖರ್ಚಿಗೆ. ಗೇಟಿನ ಹೊರಗೆ ಒಬ್ಬಳೇ ಹೋಗುವಂತಿಲ್ಲ, ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಕಾಯಿಲೆ ಬಿದ್ದು ಮಧ್ಯೆ ಊರಿಗೆ ಹೊರಟವಳು ಗಂಟಿನ ಆಸೆ ಬಿಡಬೇಕು. 2011ರಲ್ಲಿ ನೆದರ್ಲೆಂಡ್ಸಿನ ಸಂಸ್ಥೆಗಳು ಇದನ್ನೆಲ್ಲ ವರದಿ ಮಾಡಿದ ಮೇಲೆ ಯುರೋಪಿನ ಬ್ರ್ಯಾಂಡುಗಳು ಬೆಚ್ಚಿಬಿದ್ದವು. ಆ ಹುಡುಗಿಯರು ಅಲ್ಲಿ ಏನೂ ಕಲಿಯಲಿಲ್ಲ ಎನ್ನಲಾರೆ. ರಾತ್ರಿ ಪಾಳಿಯಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಯಾವ ಶಿಬಿರ ಕಲಿಸುತ್ತದೆ?

ತಿರುಪ್ಪೂರಿನ ನೊಯ್ಯಲ್ ನದಿಯನ್ನೂ ಇಲ್ಲಿ ನೆನೆಯಬೇಕು. ಬಣ್ಣದ ಘಟಕಗಳ ಕೃಪೆಯಿಂದ ಅದು ತನ್ನ ಕಂಫರ್ಟ್ ಝೋನನ್ನು ಎಂದೋ ಬಿಟ್ಟಿತ್ತು. ಕಟ್ಟಿಸಿಕೊಂಡ ರೈತರೇ ನೀರು ನಿಲ್ಲಿಸಬೇಡಿ ಎಂದು ಕೋರ್ಟಿಗೆ ಹೋದ ಅಣೆಕಟ್ಟು ಆ ನದಿಯ ಒರತ್ತುಪಾಳೆಯಂ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿದ ಮೇಲಷ್ಟೇ ನದಿಗೆ ತುಸು ಬಿಡುವು ಸಿಕ್ಕಿತು.

ಸರಿ, ಮಾಲೀಕರ ಸರದಿಯೂ ಬಂತು. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಸರಕಿನ ಮೇಲೆ ಶೇ. 50ರ ಸುಂಕ ಹೇರಿತು. ತಿರುಪ್ಪೂರಿನ ರಫ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಆಗ ಹೋಗುತ್ತಿದ್ದದ್ದೇ ಅಲ್ಲಿಗೆ. ಆರ್ಡರ್ ನಿಂತವು. ಇಲಿ ಗೂಡಿನ ಸ್ವಿಚ್ಚು ಈ ಸಲ ವಾಷಿಂಗ್ಟನ್ನಿನಲ್ಲಿತ್ತು. ಆಗ ಯಾವನಾದರೂ ತರಬೇತುದಾರ ರಫ್ತುದಾರರ ಸಂಘಕ್ಕೆ ಹೋಗಿ, “ಅಭಿನಂದನೆಗಳು ಸರ್, ನಿಮ್ಮ ಮ್ಯಾಜಿಕ್ ಈಗ ಶುರು” ಎಂದನೇ? ಎಂದಿದ್ದರೆ ಎದ್ದು ಬರುತ್ತಿರಲಿಲ್ಲ. ಮಾಲೀಕರು ನೇರ ದಿಲ್ಲಿಗೆ ಹೋದರು. ಹತ್ತಿಯ ಮೇಲಿನ ಶೇ. 11ರ ಆಮದು ಸುಂಕ ಆ ವರ್ಷದ ಕೊನೆಯವರೆಗೆ ತೆರವಾಯಿತು. ಸಾಲದ ಕಂತಿಗೆ ಬಿಡುವು, ಹೊಸ ಸಾಲಕ್ಕೆ ಸರ್ಕಾರದ ಖಾತರಿ ಬಂತು. ಅವರು ಕೇಳಿದ್ದು ತಪ್ಪಲ್ಲ, ಸರ್ಕಾರ ಕೊಟ್ಟದ್ದೂ ತಪ್ಪಲ್ಲ. ಬೀಳುವವನನ್ನು ಹಿಡಿಯಲೇಬೇಕು. ಆದರೆ ಒಂದೂವರೆ ಶಿಫ್ಟು ಒಂದಕ್ಕೆ ಇಳಿದವನ ಮನೆಬಾಡಿಗೆಗೆ ಯಾವ ಖಾತರಿಯೂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಹೊಸ ಕೌಶಲ ಕಲಿತುಕೋ ಎಂಬ ಹಿತವಚನ.

ಕಂಫರ್ಟ್ ಝೋನ್ ಬಿಟ್ಟು ಬೆಳೆದವರು ಯಾರು ಎಂದು ಕೊಯಮತ್ತೂರಿನಲ್ಲಿ ಕೇಳಿದರೆ ಉತ್ತರ ತಯಾರಾಗಿರುತ್ತದೆ: ಜಿ.ಡಿ. ನಾಯ್ಡು. 1893ರಲ್ಲಿ ಹುಟ್ಟಿದವರು, ಶಾಲೆ ಅರ್ಧಕ್ಕೆ ಬಿಟ್ಟವರು, ಒಂದು ಮೋಟಾರ್ ಸೈಕಲ್ಲಿನ ಆಸೆಗೆ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಕಾಸು ಕೂಡಿಟ್ಟವರು, ಅದನ್ನು ಕೊಂಡು ಬಿಚ್ಚಿ ಜೋಡಿಸಿದವರು. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಬಸ್ಸು ಓಡಿಸಿ, ಮುಂದೆ ಎಲೆಕ್ಟ್ರಿಕ್ ಮೋಟಾರಿನವರೆಗೆ ಬೆಳೆದ ಅಸಾಧ್ಯ ತಲೆ. ಶಿಬಿರದಲ್ಲಿ ಮೋಟಾರ್ ಸೈಕಲ್ಲಿನ ಕತೆ ಅರ್ಧ ಗಂಟೆ ನಡೆಯುತ್ತದೆ. ಮೊದಲ ಬಸ್ಸಿಗೆ ಗಿರಣಿ ಮಾಲೀಕ ರಾಬರ್ಟ್ ಸ್ಟೇನ್ಸ್ ಕೈಹಿಡಿದ ಮಾತು ಬರುವಷ್ಟರಲ್ಲಿ ಊಟದ ವಿರಾಮ. ತಿರುಪ್ಪೂರಿನದೂ ಇದೇ ಬಗೆ. ಶರದ್ ಚಾರಿ ಎಂಬ ವಿದ್ವಾಂಸರು 2004ರಲ್ಲಿ ಆ ಊರಿನ ಮೇಲೆ ಒಂದು ಪುಸ್ತಕ ತಂದರು. ರೈತ ಮನೆತನದ ಗೌಂಡರು ಕೂಲಿಗೆ ಬಂದು ಮಾಲೀಕರಾದ ಕತೆ ಅದು. ಕೇಳಿದರೆ ಎಲ್ಲರೂ ಹೇಳುವುದು ದುಡಿಮೆ, ದುಡಿಮೆ. ದುಡಿದದ್ದು ನಿಜ. ಜೊತೆಗೆ ಜಾತಿಯವರ ಸಾಲ, ಬೀಗತನ, ಊರಲ್ಲಿ ಒಂದಿಷ್ಟು ಹೊಲ ಇದ್ದದ್ದೂ ನಿಜ. ಪಕ್ಕದ ಮಿಷನ್ನಿನಲ್ಲಿ ಅಷ್ಟೇ ದುಡಿದ ದಲಿತನಿಗೆ, ಹೆಂಗಸಿಗೆ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ. ಹಾರಿದವರೆಲ್ಲ ಹಾರುವ ಮುಂಚೆ ಕೆಳಗೆ ಹಾಸಿಗೆ ಇದೆಯೇ ಎಂದು ನೋಡಿಕೊಂಡವರು. ಶಿಬಿರಕ್ಕೆ ಬರುವವರೂ ಹಾಗೆಯೇ, ಸೋಮವಾರ ಆಫೀಸಿದೆ ಎಂದು ಗೊತ್ತಿದ್ದೇ ಶನಿವಾರ ಧೈರ್ಯವಂತರಾಗುತ್ತಾರೆ.

ಕೆಲವು ದುಬಾರಿ ಶಿಬಿರಗಳಲ್ಲಿ ಕೊನೆಗೆ ಕೆಂಡದ ಮೇಲೆ ನಡೆಸುತ್ತಾರೆ. ಆಮೇಲೆ ಫೋಟೋ, ಸರ್ಟಿಫಿಕೇಟು. ತಿರುಪ್ಪೂರಿನ ಪಕ್ಕದ ಪೆರುಮಾನಲ್ಲೂರಿನ ಕೊಂಡತ್ತು ಕಾಳಿಯಮ್ಮನ ಜಾತ್ರೆಯಲ್ಲಿ, ಮೇಟ್ಟುಪಾಳಯದ ವನಭದ್ರಕಾಳಿಯ ಆಡಿ ತಿಂಗಳ ಕೊಂಡದಲ್ಲಿ ಇದೇ ಕೆಂಡವನ್ನು ಸಾವಿರಾರು ಜನ ಹಾಯುತ್ತಾರೆ. ದಸರೆಯಲ್ಲಿ ಕೊಯಮತ್ತೂರಿನ ದೇವಾಂಗ ಹುಡುಗರು ಚೌಡೇಶ್ವರಿಯ ಮೆರವಣಿಗೆಯಲ್ಲಿ ಎದೆಗೆ, ತೋಳಿಗೆ ಕತ್ತಿ ಹೊಡೆದುಕೊಂಡು ಕುಣಿಯುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ, ಹೊಗಳುವುದೂ ಇಲ್ಲ. ಆದರೆ ಕೆಂಡ ಹಾಯ್ದವಳು ಮರುದಿನ ಕಂಪನಿಗೆ ಹೋದಾಗ ಸೂಪರ್‌ವೈಸರ್ ಕೇಳುವುದು ಇಷ್ಟೇ: ನಿನ್ನೆ ಯಾಕೆ ಬರಲಿಲ್ಲ? ಒಂದು ಶಿಫ್ಟು ಕಟ್.

ಇಷ್ಟಾದರೂ ಶಿಬಿರಕ್ಕೆ ಹೋಗಲೇಬೇಕು ಎನ್ನುವವರನ್ನು ನಾನು ತಡೆಯುವುದಿಲ್ಲ. ಒಂದು ಕೋರಿಕೆ ಮಾತ್ರ. ಫೀಸನ್ನು ಮುಂಗಡ ಕೊಡಬೇಡಿ, ಪೀಸ್ ರೇಟಿಗೆ ಕೊಡಿ. ಇಷ್ಟು ಜನ ನಿಜಕ್ಕೂ ಬೆಳೆದರೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಆರು ತಿಂಗಳ ಮೇಲೆ ಚೆಕ್ಕಿಂಗ್ ಮಾಡಿಸಿ. ಬೆಳೆಯದೆ ಉಳಿದವರನ್ನು ತರಬೇತುದಾರರು ತಮ್ಮ ಖರ್ಚಿನಲ್ಲಿ ಬಿಚ್ಚಿ ಮತ್ತೆ ಹೊಲಿದು ಕೊಡಬೇಕು ಎಂದು ಬರೆಸಿಕೊಳ್ಳಿ. ಒಪ್ಪಿದರೆ ನನಗೂ ತಿಳಿಸಿ, ನಾನೂ ಸೇರುತ್ತೇನೆ.