ಇಲ್ಲಿ ಏರುತ್ತದೆ, ಅಲ್ಲಿ ಇಳಿಯುತ್ತದೆ

(ಒಮಾನಿನ ಮಸೀರಾ ದ್ವೀಪದ ಕಡಲಾಮೆಯೊಂದಿಗೆ ಒಂದು ಕಾಲ್ಪನಿಕ ಸಂದರ್ಶನ)

ಪರದೇಶಕ್ಕೆ ಸೈನ್ಯ ಕಳಿಸಿ ಪ್ರಜಾಪ್ರಭುತ್ವ ತರಬಹುದೇ ಎಂಬ ವಾದ ಮಸ್ಕತ್‌ನ ರೂವಿಯ ನಮ್ಮ ಬಾಡಿಗೆ ಕೋಣೆಯಲ್ಲಿ ಒಮ್ಮೆ ಎದ್ದಿತೆಂದರೆ ಮೀನುಸಾರು ತಣ್ಣಗಾದರೂ ಮುಗಿಯುವುದಿಲ್ಲ. ಒಬ್ಬ ಅಮೆರಿಕದ ಕಡೆ, ಒಬ್ಬ ಅದಕ್ಕೆ ಎದುರು, ಮತ್ತೊಬ್ಬ ಯಾರು ಗೆಲ್ಲುತ್ತಾರೋ ಅವರ ಕಡೆ. ಮೂವರೂ ಯುದ್ಧ ನೋಡಿದ್ದು ಮೊಬೈಲಿನಲ್ಲಿ. ಕಣ್ಣಾರೆ ಕಂಡವರನ್ನೇ ಕೇಳೋಣವೆಂದು 2025ರ ಜೂನ್ ಕೊನೆಯಲ್ಲಿ ಶನ್ನಾದಿಂದ ಫೆರ್ರಿ ಹತ್ತಿ ಮಸೀರಾಕ್ಕೆ ಹೋದೆ. ಉತ್ತರದಲ್ಲಿ ಹಿಲ್ಫ್ ಎಂಬ ಸಣ್ಣ ಊರು, ಅದಕ್ಕೆ ಹತ್ತಿರದಲ್ಲೇ ವಾಯುನೆಲೆ, ಮೂಡಣ ದಂಡೆಯಲ್ಲಿ ಲಾಗರ್‌ಹೆಡ್ ಕಡಲಾಮೆಗಳು. ಜಗತ್ತಿನಲ್ಲಿ ಈ ಜಾತಿಯ ಆಮೆಗಳು ಅತಿ ಹೆಚ್ಚು ಮೊಟ್ಟೆಯಿಡುವ ಜಾಗಗಳಲ್ಲಿ ಈ ದಂಡೆಯೂ ಒಂದು. ರನ್‌ವೇಗೆ ಇಷ್ಟು ಹತ್ತಿರ ಬಾಣಂತನ ಮಾಡಿಕೊಂಡವರು ಇನ್ನಾರೂ ಇರಲಿಕ್ಕಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಒಬ್ಬ ಹಿರಿಯಾಕೆ ಮೇಲೆ ಬಂದರು. ಹಿಂಗಾಲಿನಿಂದ ಮರಳು ತೋಡುತ್ತಲೇ ಮಾತಿಗೆ ಒಪ್ಪಿದರು.

ನಾನು: ನಮಸ್ಕಾರ ಅಮ್ಮ. ನಿಮ್ಮ ವಯಸ್ಸು?

ಆಮೆ: ಹೆಂಗಸರ ವಯಸ್ಸು ಕೇಳುತ್ತೀಯಲ್ಲ, ಯಾವೂರು ನಿನ್ನದು?

ನಾನು: ಕುಂದಾಪುರ.

ಆಮೆ: ಹಾಗಾದರೆ ಕ್ಷಮಿಸಿದ್ದೇನೆ. ನಿಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ನಮ್ಮ ಬಳಗದ ಆಲಿವ್ ರಿಡ್ಲೆಗಳಿದ್ದಾರೆ. ಅಲ್ಲಿ ಬಂದರು ಕಟ್ಟುತ್ತಾರೆ ಎಂದು ಅವರೂ ಗೋಳಾಡುತ್ತಿದ್ದರು. ಮೊಟ್ಟೆಯಿಡುವಷ್ಟು ಹೊತ್ತು ನಾನು ಅಲುಗಾಡುವಂತಿಲ್ಲ, ಅಷ್ಟರೊಳಗೆ ಕೇಳು.

(ಆಕೆಯ ಕಣ್ಣಂಚಿನಿಂದ ದಪ್ಪಗೆ ನೀರು ಇಳಿದು ಮರಳು ಮೆತ್ತಿಕೊಳ್ಳುತ್ತಿತ್ತು. ನನಗೆ ಕರುಳು ಚುರ್ ಎಂದಿತು.)

ನಾನು: ಅಳುತ್ತಿದ್ದೀರಾ?

ಆಮೆ: ಇಲ್ಲಪ್ಪ. ಕಡಲಿನ ನೀರು ಕುಡಿಯುವವರು ನಾವು, ಒಳಗಿನ ಉಪ್ಪನ್ನು ಕಣ್ಣಿನ ಗ್ರಂಥಿಯಿಂದ ಹೊರಗೆ ಹಾಕಬೇಕು. ವಿಶ್ವಸಂಸ್ಥೆಯಲ್ಲಿ ರಾಯಭಾರಿಗಳು ಸುರಿಸುತ್ತಾರಲ್ಲ, ಅದೂ ಇದೇ ಇರಬೇಕು.

ನಾನು: ನೇರ ವಿಷಯಕ್ಕೆ ಬರುತ್ತೇನೆ. ಈ ರನ್‌ವೇಯಿಂದ ಪ್ರಜಾಪ್ರಭುತ್ವ ಹೊರಟಿದ್ದನ್ನು ನೀವು ಕಂಡಿದ್ದೀರಾ?

ಆಮೆ: ಹೊರಟಿದ್ದನ್ನು ಕಂಡಿದ್ದೇನೆ, ಎಷ್ಟೋ ಸಲ. ಬಂದಿದ್ದನ್ನು ಕಂಡಿಲ್ಲ. ಇಲ್ಲಿ ಏರುತ್ತದೆ, ಇನ್ನೆಲ್ಲೋ ಇಳಿಯುತ್ತದೆ. ಏರುವ ಜಾಗದಲ್ಲಿ ಅದನ್ನು ಬಿಚ್ಚಿ ತೋರಿಸುವ ಪದ್ಧತಿ ಇಲ್ಲ.

ನಾನು: ಒಂದು ಉದಾಹರಣೆ?

ಆಮೆ: ಒಮಾನಿನ ಒಳನಾಡಿನಲ್ಲಿ ಇಬಾದಿ ಪಂಥದ ಮುಸ್ಲಿಮರ ಇಮಾಮ್ ಅಂತ ಒಬ್ಬರಿದ್ದರು. ಅಪ್ಪನ ಗಾದಿ ಮಗನಿಗೆ ಎಂಬ ಲೆಕ್ಕವಲ್ಲ. ಪಂಡಿತರು, ಕುಲದ ಹಿರಿಯರು ಸೇರಿ ಆರಿಸಬೇಕು. ನಿಮ್ಮ ಮತಪೆಟ್ಟಿಗೆ ಅಲ್ಲ ಬಿಡು, ಹೆಂಗಸರನ್ನು ಕೇಳಿದವರಿಲ್ಲ, ಆದರೂ ಆಯ್ಕೆ ಆಯ್ಕೆಯೇ. 1954ರಲ್ಲಿ ಗಾಲಿಬ್ ಬಿನ್ ಅಲಿ ಹಾಗೆ ಆರಿಸಿ ಬಂದರು. ಮಸ್ಕತ್‌ನ ಸುಲ್ತಾನ ಸಯೀದ್ ಬಿನ್ ತೈಮೂರ್ ವಂಶದ ದೊರೆ. ಅದೇ ಹೊತ್ತಿಗೆ ಒಳನಾಡಿನಲ್ಲಿ ಎಣ್ಣೆ ಹುಡುಕುವ ಕಂಪನಿ ಓಡಾಡುತ್ತಿತ್ತು. ಆರಿಸಿ ಬಂದವನಿಗೂ ಹುಟ್ಟಿ ಬಂದವನಿಗೂ ಜಗಳ ಹತ್ತಿದಾಗ ಪ್ರಜಾಪ್ರಭುತ್ವದ ತವರಾದ ಬ್ರಿಟನ್ ಯಾರ ಕಡೆ ನಿಂತಿತು ಹೇಳು?

ನಾನು: ...ಸುಲ್ತಾನನ ಕಡೆ.

ಆಮೆ: ಜಾಣ. 1958ರಲ್ಲಿ ಶ್ಯಾಕಲ್‌ಟನ್ ಬಾಂಬರ್‌ಗಳು ಇದೇ ಮಸೀರಾದಿಂದ ಏರಿ ಜಬಲ್ ಅಖ್ದರ್ ಬೆಟ್ಟದ ಮೇಲೆ ಬಾಂಬು ಹಾಕಿ ಬರುತ್ತಿದ್ದವು. 1959ರ ಜನವರಿಯಲ್ಲಿ ಬ್ರಿಟನ್ನಿನ ಎಸ್‌ಎಎಸ್ ಪಡೆ ಬೆಟ್ಟ ಹತ್ತಿತು, ಕಥೆ ಮುಗಿಯಿತು.

ನಾನು: ಅಯ್ಯೋ, ನಾವು ರಜೆಯಲ್ಲಿ ಫೋರ್‌ವ್ಹೀಲ್ ಬಾಡಿಗೆ ಮಾಡಿಕೊಂಡು ಹೋಗುವುದು ಅಲ್ಲಿಗೇ. ಗುಲಾಬಿ ತೋಟ, ದಾಳಿಂಬೆ, ತಂಪು ಗಾಳಿ...

ಆಮೆ: ಹೋಗಿ ಬನ್ನಿ, ಚಿತ್ರಾನ್ನ ತಿನ್ನಿ. ನಿಮ್ಮನ್ನು ಯಾರು ಬೇಡ ಅಂದರು.

ನಾನು: ಆದರೆ ಅಮ್ಮ, ಅದೇ ಬ್ರಿಟಿಷರು 1970ರಲ್ಲಿ ಒಳ್ಳೆಯದನ್ನೂ ಮಾಡಿದರಲ್ಲ?

ಆಮೆ: ಮಾಡಿದರು, ಅದನ್ನು ಮುಚ್ಚಿಡುವುದಿಲ್ಲ. ಯಾರನ್ನು ಉಳಿಸಲು ಬಾಂಬು ಹಾಕಿದ್ದರೋ ಅದೇ ಸುಲ್ತಾನ ಹನ್ನೆರಡು ವರ್ಷಕ್ಕೆ ಅವರಿಗೇ ಬೇಡವಾದ. ಸೂರ್ಯ ಮುಳುಗಿ ಮೂರು ಗಂಟೆಗೆ ಮಸ್ಕತ್‌ನ ಹೆಬ್ಬಾಗಿಲು ಮುಚ್ಚಿಸುತ್ತಿದ್ದ, ಆಮೇಲೆ ತಿರುಗಾಡುವವರು ಕೈಯಲ್ಲಿ ಲಾಟೀನು ಹಿಡಿಯಬೇಕಿತ್ತು. ದೇಶಕ್ಕೆಲ್ಲ ಮೂರು ಶಾಲೆ. ದಕ್ಷಿಣದ ದೋಫಾರ್‌ನಲ್ಲಿ ಜನ ಬಂದೂಕು ಹಿಡಿದಿದ್ದರು. ಜುಲೈ 23ರಂದು ಬ್ರಿಟಿಷರ ಬೆಂಬಲವಿದ್ದ ಮಗನ ಕಡೆಯವರು ಸಲಾಲಾದ ಅರಮನೆಗೆ ನುಗ್ಗಿದರು. ಗಡಿಬಿಡಿಯಲ್ಲಿ ಸುಲ್ತಾನ ತನ್ನ ಕಾಲಿಗೆ ತಾನೇ ಗುಂಡು ಹಾರಿಸಿಕೊಂಡ. ಬ್ರಿಟಿಷ್ ವಿಮಾನ ಅವನನ್ನು ಒಯ್ದಿತು, ಲಂಡನ್ನಿನ ಡಾರ್ಚೆಸ್ಟರ್ ಹೋಟೆಲಿನಲ್ಲಿ ಕೊನೆಗಾಲ ಕಳೆದ. ಸ್ಯಾಂಡ್‌ಹರ್ಸ್ಟ್‌ನಲ್ಲಿ ಓದಿದ ಮಗ ಕಾಬೂಸ್ ಗಾದಿಗೆ ಬಂದ. ಆಮೇಲೆ ರಸ್ತೆ ಬಂತು, ಆಸ್ಪತ್ರೆ ಬಂತು, ಶಾಲೆ ಬಂತು, ಲೆಕ್ಕ ಬರೆಯಲು ನೀನೂ ಬಂದೆ. ಎಲ್ಲ ಬಂತು, ಮತಪೆಟ್ಟಿಗೆ ಒಂದು ಆಗ ಬರಲಿಲ್ಲ. ಅದನ್ನು ಕೇಳಿದವರೂ ಇರಲಿಲ್ಲ.

ನಾನು: ದೋಫಾರ್‌ನ ಬಂಡಾಯಗಾರರು ಕೇಳುತ್ತಿದ್ದರಲ್ಲ?

ಆಮೆ: ಅವರಿಗೂ ಬಿಡುಗಡೆ ಹೊರಗಿನಿಂದಲೇ ಬಂದಿತ್ತು. ದಕ್ಷಿಣ ಯೆಮನ್, ಚೀನಾ, ಸೋವಿಯತ್ ಒಂದು ಕಡೆಯಿಂದ ಕೋವಿ ಕೊಟ್ಟರು, ಬ್ರಿಟನ್ ಮತ್ತು ಜೋರ್ಡಾನ್ ಇನ್ನೊಂದು ಕಡೆ ನಿಂತವು. 1973ರಿಂದ ಇರಾನಿನ ಶಾ ಸಾವಿರಗಟ್ಟಲೆ ಸೈನಿಕರನ್ನೇ ಕಳಿಸಿದ. ಈ ಶಾ ಯಾರು ಗೊತ್ತಲ್ಲ? 1953ರಲ್ಲಿ ಇರಾನಿನ ಸಂಸತ್ತು ಒಪ್ಪಿ ಕೂರಿಸಿದ್ದ ಪ್ರಧಾನಿ ಮೊಸದ್ದಿಕ್‌ರನ್ನು ಅಮೆರಿಕ, ಬ್ರಿಟನ್ ಸೇರಿ ಇಳಿಸಿ ಗಟ್ಟಿ ಮಾಡಿಕೊಟ್ಟ ದೊರೆ. 1979ರಲ್ಲಿ ಅವನ ಜನವೇ ಅವನನ್ನು ಓಡಿಸಿದರು, ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆ ಇಟ್ಟುಕೊಂಡರು. 1980ರ ಏಪ್ರಿಲ್ 24ರ ಸಂಜೆ ನಾನು ದಂಡೆಯ ಹತ್ತಿರವೇ ಈಜುತ್ತಿದ್ದೆ. ದೀಪವಿಲ್ಲದ ಸಿ-130 ವಿಮಾನಗಳು ತಲೆಯ ಮೇಲೆ ಹೋದವು. ಒತ್ತೆಯಾಳುಗಳನ್ನು ಬಿಡಿಸಲಿಕ್ಕೆ ಅಂತ ಆಮೇಲೆ ಗೊತ್ತಾಯಿತು. ಇರಾನಿನ ಮರಳುಗಾಡಿನಲ್ಲಿ ಹೆಲಿಕಾಪ್ಟರ್‌ಗಳು ಕೆಟ್ಟವು, ಕೈಬಿಟ್ಟು ಹೊರಡುವಾಗ ಒಂದು ಹೆಲಿಕಾಪ್ಟರ್ ವಿಮಾನಕ್ಕೆ ಢಿಕ್ಕಿ ಹೊಡೆಯಿತು. ಎಂಟು ಹುಡುಗರು ಸುಟ್ಟುಹೋದರು. ಎಲ್ಲ ಇಪ್ಪತ್ತೇಳು ವರ್ಷದ ಲೆಕ್ಕ. ನಮ್ಮಲ್ಲಿ ಒಂದು ಮರಿ ದೊಡ್ಡದಾಗಿ ತಾಯಿಯಾಗಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು.

(ಮೊಟ್ಟೆಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಪಿಂಗ್‌ಪಾಂಗ್ ಚೆಂಡಿನಷ್ಟಿದ್ದವು, ಲೋಳೆ ಹತ್ತಿ ಹೊಳೆಯುತ್ತಿದ್ದವು. ಒಂದು ಸಲಕ್ಕೆ ನೂರರ ಆಸುಪಾಸು. ಒಂದೂ ಒಡೆಯಲಿಲ್ಲ.)

ನಾನು: ಹಾಗಂತ ಕೈಕಟ್ಟಿ ಕೂರಬೇಕೇ? ಅಫ್ಘಾನಿಸ್ತಾನದ ಹೆಣ್ಣುಮಕ್ಕಳು ಶಾಲೆಗೆ ಹೋದದ್ದು ಸುಳ್ಳಲ್ಲವಲ್ಲ.

ಆಮೆ: ಸುಳ್ಳಲ್ಲ. ಇಪ್ಪತ್ತು ವರ್ಷ ಹೋದರು. 2001ರ ಅಕ್ಟೋಬರಿನಲ್ಲಿ ಒಮಾನ್ ನೆಲದಿಂದಲೇ ವಿಮಾನ ಹತ್ತಿದ ಸೈನಿಕರು ಕಂದಹಾರದ ಆಚೆಯ ಮರಳಿಗೆ ಧುಮುಕಿದ್ದರು. 2021ರ ಆಗಸ್ಟ್ 15ಕ್ಕೆ ತಾಲಿಬಾನ್ ಕಾಬೂಲಿಗೆ ವಾಪಸು ಬಂತು. ಈಗ ಹೇಳು, ಆ ಹೆಣ್ಣುಮಕ್ಕಳನ್ನು ಕೇಳಿ ಬಂದಿದ್ದರೇ, ಕೇಳಿ ಹೋದರೇ? ನಮ್ಮ ಮರಿಗಳ ವಿಷಯ ಹೇಳುತ್ತೇನೆ. ಮೊಟ್ಟೆಯೊಡೆದು ರಾತ್ರಿ ಮೇಲೆ ಬಂದ ಮರಿ ಬೆಳಕಿರುವ ಕಡೆಗೇ ಓಡುತ್ತದೆ. ಲಕ್ಷಾಂತರ ವರ್ಷ ಬೆಳಕೆಂದರೆ ಕಡಲೇ ಆಗಿತ್ತು. ಈಗ ದೊಡ್ಡ ಬೆಳಕು ಬೇರೆಯವರ ಕೈಯಲ್ಲಿದೆ. ಮರಿಗಳು ಅತ್ತ ಹೊರಡುತ್ತವೆ, ಬೆಳಗಾದರೆ ಏಡಿ, ಹಕ್ಕಿ, ಬಿಸಿಲು. ದೀಪ ಹಚ್ಚಿದವನಿಗೆ ಮರಿಯ ಮೇಲೆ ದ್ವೇಷವೇನಿರಲಿಲ್ಲ.

ನಾನು: ಮತ್ತೆ ಭಾರತ 1971ರಲ್ಲಿ ಮಾಡಿದ್ದು? ನಾವು ಹೋಗದಿದ್ದರೆ ಬಾಂಗ್ಲಾದೇಶ ಇರುತ್ತಿರಲಿಲ್ಲ.

ಆಮೆ: ಬರುತ್ತೀಯ ಅಂತ ಕಾಯುತ್ತಿದ್ದೆ. ಅಲ್ಲಿಯ ಜನ ಆಗಲೇ ಮತ ಹಾಕಿ ಮುಜೀಬರನ್ನು ಗೆಲ್ಲಿಸಿದ್ದರು, ಅವರೇ ಬಂದೂಕು ಹಿಡಿದಿದ್ದರು. ನೀವು ಡಿಸೆಂಬರಿಗೆ ಹೋದಿರಿ, ಮಾರ್ಚಿಗೆ ವಾಪಸು ಬಂದಿರಿ. ಅಷ್ಟು ಬೇಗ ಮನೆಗೆ ಹೋದ ನೆಂಟರನ್ನು ಕಡಲಲ್ಲಿ ಈಗಲೂ ನೆನೆಸುತ್ತಾರೆ. ಆದರೂ 1975ರಲ್ಲಿ ಏನಾಯಿತು ನೋಡು, ಮುಜೀಬರನ್ನು ಕೊಂದವರು ಅವರ ಸೈನ್ಯದವರೇ. 1987ರಲ್ಲಿ ಶಾಂತಿಪಡೆ ಎಂದು ಜಾಫ್ನಾಕ್ಕೆ ಹೋದ ಕಥೆಯನ್ನೂ ಅದರ ಪಕ್ಕದಲ್ಲೇ ಬರೆದುಕೋ. ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಬಂದಿರಿ, ಎರಡೂ ಕಡೆಯವರಿಂದ ಬೈಗುಳ ತಿಂದು.

ನಾನು: ಒಟ್ಟಿನಲ್ಲಿ ಹೊರಗಿನ ಸಹಾಯವೇ ತಪ್ಪು ಅನ್ನುತ್ತೀರಿ.

ಆಮೆ: ನಿನ್ನ ನಾಡಿನ ಹಳೆಯ ಕಾಗದ ಒಂದನ್ನು ನೆನಪಿಸುತ್ತೇನೆ. ನಾನು ಕಂಡಿದ್ದಲ್ಲ, ಕಡಲಲ್ಲಿ ಕೇಳಿದ್ದು. ಟಿಪ್ಪು ಮಸ್ಕತ್‌ನಲ್ಲಿ ಕೋಠಿ ಇಟ್ಟಿದ್ದ ಕಾಲ. ಮಂಗಳೂರಿನ ಅಕ್ಕಿ, ಗಂಧ, ಮೆಣಸು ಇಲ್ಲಿಗೆ ಬರುತ್ತಿತ್ತು. 1799ರ ಜನವರಿಯಲ್ಲಿ ಕೈರೋದಲ್ಲಿ ಕುಳಿತ ನೆಪೋಲಿಯನ್ ಟಿಪ್ಪುವಿಗೆ ಪತ್ರ ಬರೆದ. ಎಣಿಸಲಾಗದ ಸೈನ್ಯದೊಂದಿಗೆ ಕೆಂಪು ಸಮುದ್ರದವರೆಗೆ ಬಂದಿದ್ದೇನೆ, ಇಂಗ್ಲಿಷರ ಸಂಕೋಲೆಯಿಂದ ನಿನ್ನನ್ನು ಬಿಡಿಸುತ್ತೇನೆ, ಉತ್ತರವನ್ನು ಮಸ್ಕತ್ ಅಥವಾ ಮೋಖಾ ದಾರಿಯಲ್ಲಿ ಕಳಿಸು ಎಂಬ ಅರ್ಥದ ಪತ್ರ. ಆದರೆ ಫ್ರೆಂಚರನ್ನು ಹತ್ತಿರ ಸೇರಿಸುವುದಿಲ್ಲವೆಂದು ಮಸ್ಕತ್‌ನ ದೊರೆಯಿಂದ ಈಸ್ಟ್ ಇಂಡಿಯಾ ಕಂಪನಿ ಮೂರು ತಿಂಗಳ ಮೊದಲೇ ಬರೆಸಿಕೊಂಡಿತ್ತು. ಪತ್ರವೂ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಬಿಡಿಸುವವನು ಬರಲೇ ಇಲ್ಲ.

ನಾನು: ಗೆದ್ದ ಇಂಗ್ಲಿಷರೂ ಮೈಸೂರನ್ನು ಬಿಡಿಸಲಿಕ್ಕೆ ಬಂದವರೇ ಅಲ್ಲವೇ?

ಆಮೆ: ಹೌದಲ್ಲ! ಟಿಪ್ಪುವಿನ ದಬ್ಬಾಳಿಕೆಯಿಂದ ಬಿಡಿಸಿದರು, ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು. 1831ರಲ್ಲಿ ಅವನಿಗೆ ಆಳಲು ಬರುವುದಿಲ್ಲವೆಂದು ಆಡಳಿತ ಕಿತ್ತುಕೊಂಡರು, ಐವತ್ತು ವರ್ಷ ತಾವೇ ಇಟ್ಟುಕೊಂಡರು. ಮೈಸೂರಿನವರಿಗೆ ಸಭೆ ಅಂತ ಸಿಕ್ಕಿದ್ದು 1881ರಲ್ಲಿ, ರಾಜ್ಯ ವಾಪಸಾದ ಮೇಲೆ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ. ಅದೂ ಬರೀ ಅರ್ಜಿ ಓದುವ ಸಭೆ. ಜವಾಬ್ದಾರಿ ಸರ್ಕಾರ ಬೇಕೆಂದು 1947ರಲ್ಲಿ ‘ಮೈಸೂರು ಚಲೋ’ ಅಂತ ಬೀದಿಗಿಳಿದರು, ಲಾಠಿ ತಿಂದರು, ಜೈಲು ತುಂಬಿದರು. ಅಕ್ಟೋಬರಿಗೆ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಅದಕ್ಕೆ ಯಾವ ದೇಶದ ಬಾಂಬರ್ ಬಂದಿತ್ತು?

ನಾನು: ಯಾವುದೂ ಇಲ್ಲ.

ಆಮೆ: ಇಲ್ಲಿಯೂ ಹಾಗೇ. 1991ರಲ್ಲಿ ಮಜ್ಲಿಸ್ ಶೂರಾ ಎಂಬ ಸಲಹಾ ಸಭೆ ಬಂತು. 2003ರಲ್ಲಿ 21 ದಾಟಿದ ಗಂಡು ಹೆಣ್ಣು ಎಲ್ಲರಿಗೂ ಮತ ಬಂತು. ಪಕ್ಷಗಳಿಲ್ಲ, ಕೊನೆಯ ಮಾತು ಅರಮನೆಯದೇ. 2011ರಲ್ಲಿ ಸೊಹಾರ್‌ನ ಗ್ಲೋಬ್ ಸರ್ಕಲ್‌ನಲ್ಲಿ ಹುಡುಗರು ಕೂತರು, ಕೆಲಸ ಕೊಡಿ, ಲಂಚ ತಿನ್ನುವ ಮಂತ್ರಿಗಳನ್ನು ತೆಗೆಯಿರಿ ಅಂದರು. ಜೀವ ಹೋದದ್ದೂ ಉಂಟು, ಮಂತ್ರಿಗಳು ಹೋದದ್ದೂ ಉಂಟು. ಅದೇ ತಿಂಗಳುಗಳಲ್ಲಿ ಪ್ರಜಾಪ್ರಭುತ್ವದ ಹೆಸರಿನಲ್ಲಿ ಲಿಬಿಯಾಕ್ಕೆ ವಿಮಾನ ಹಾರುತ್ತಿತ್ತು. ಸೊಹಾರ್ ಕಡೆ ಯಾರೂ ಮೂಗು ಹಾಕಲಿಲ್ಲ. ರನ್‌ವೇ ಕೊಟ್ಟವರ ಮನೆಯ ಜಗಳಕ್ಕೆ ಹೋಗುವುದು ಸಭ್ಯತೆಯಲ್ಲ ನೋಡು. ಅಂದಹಾಗೆ, 2018ರಿಂದ ನಿಮ್ಮ ನೌಕಾಪಡೆಗೂ ದುಖಮ್‌ನಲ್ಲಿ ಜಾಗ ಸಿಕ್ಕಿದೆಯಂತೆ. ಇಲ್ಲೇ, ತೆಂಕಣ ದಿಕ್ಕಿಗೆ.

ನಾನು: ಅದು ಬರೀ ಹಡಗು ದುರಸ್ತಿ, ಡೀಸೆಲ್ಲು...

ಆಮೆ: ಎಲ್ಲರೂ ಡೀಸೆಲ್ಲಿನಿಂದಲೇ ಶುರು ಮಾಡಿದ್ದು ತಮ್ಮಾ. ಈ ನೆಲೆಯೂ ಮೊದಲು ಪೆಟ್ರೋಲ್ ಡಬ್ಬ ಇಡುವ ಜಾಗವೇ ಆಗಿತ್ತು. ಅದಿರಲಿ, ಪ್ರಜಾಪ್ರಭುತ್ವದ ಬಗ್ಗೆ ಇಷ್ಟು ಕೇಳುತ್ತೀಯಲ್ಲ, 2024ರ ಏಪ್ರಿಲ್ 26ಕ್ಕೆ ನಿನ್ನ ಕ್ಷೇತ್ರದಲ್ಲಿ ಮತದಾನ ಇತ್ತು. ಹಾಕಿದೆಯಾ?

ನಾನು: ಅನಿವಾಸಿಗಳು ಮತಗಟ್ಟೆಗೆ ಖುದ್ದಾಗಿ ಹೋಗಬೇಕು ಅಮ್ಮ. ರಜೆ ಸಿಗಲಿಲ್ಲ. ಟಿಕೆಟ್ ದರ ಬೇರೆ...

ಆಮೆ: ಈ ದೇಶದಲ್ಲಿ ಮತ?

ನಾನು: ಮಕ್ಕಳ ಇಂಡಿಯನ್ ಸ್ಕೂಲಿನ ಬೋರ್ಡಿಗೆ ಪೋಷಕರು ಹಾಕಬಹುದು. ನನ್ನ ಸಂಸಾರ ಊರಲ್ಲೇ ಇದೆ.

ಆಮೆ: 2021ರವರೆಗೆ ಕೆಲಸ ಬಿಟ್ಟು ಬೇರೆ ಕಂಪನಿ ಸೇರಬೇಕಾದರೂ ಹಳೆಯ ಮಾಲೀಕನ ಎನ್‌ಒಸಿ ಬೇಕಿತ್ತಲ್ಲವೇ ನಿನಗೆ? ಬಾಗ್ದಾದಿಗೆ ಸ್ವಾತಂತ್ರ್ಯ ಕೊಡಬೇಕೇ ಎಂದು ರಾತ್ರಿ ಒಂದು ಗಂಟೆಯವರೆಗೆ ವಾದ ಮಾಡಿದವನೂ ನೀನೇ.

(ನಾನು ಮರಳು ಕೊಡವಿಕೊಂಡೆ. ಆಕೆ ಹಿಂಗಾಲುಗಳಿಂದ ಗುಂಡಿ ಮುಚ್ಚಿ, ಮೈಭಾರ ಹಾಕಿ ಒತ್ತಿ, ಗುರುತು ಸಿಗದಂತೆ ಸುತ್ತಲೂ ಮರಳು ಚೆಲ್ಲಿದರು.)

ನಾನು: ಕೊನೆಯ ಪ್ರಶ್ನೆ. ಒಮಾನಿಗೆ ಇದರಲ್ಲಿ ಮಾಡಲು ಏನಿದೆ?

ಆಮೆ: ಮಾಡುತ್ತಲೇ ಇದೆಯಲ್ಲ. 2015ರಲ್ಲಿ ಸೌದಿ ಕೂಟ ಯೆಮನ್ ಮೇಲೆ ಬಾಂಬು ಹಾಕಲು ಹೊರಟಾಗ ಕೊಲ್ಲಿಯ ಆರು ದೇಶಗಳಲ್ಲಿ ಹೋಗದೆ ಉಳಿದದ್ದು ಇದೊಂದೇ. ಅಮೆರಿಕಕ್ಕೂ ಇರಾನಿಗೂ ಗುಟ್ಟಾಗಿ ಮಾತಾಡಲು ಹತ್ತಿಪ್ಪತ್ತು ವರ್ಷದಿಂದ ಮನೆ ಬಿಟ್ಟುಕೊಟ್ಟಿದೆ. ಮಾತಾಡಿಸುವವರಿಗೆ ಸಂಬಳ ಕಡಿಮೆ, ಪದಕ ಇಲ್ಲ. ರನ್‌ವೇಯನ್ನೂ ಕೊಟ್ಟಿದೆ, ಮಾತಿನ ಮೇಜನ್ನೂ ಇಟ್ಟಿದೆ. ಎರಡರಲ್ಲಿ ಯಾವುದು ಬೇಗ ಕೆಲಸ ಮಾಡುತ್ತದೆ ಅಂತ ಈ ತಿಂಗಳೇ ನೋಡಿದೆವು.

ಅಷ್ಟು ಹೇಳಿ ಆಕೆ ನೀರಿಗಿಳಿದರು. ಆಕೆ ಹೇಳಿದ ಆ ತಿಂಗಳಿನ ಸಂಗತಿ ಇದು: 2025ರ ಏಪ್ರಿಲ್ 12ರಂದು ಮಸ್ಕತ್‌ನಲ್ಲಿ ಶುರುವಾಗಿದ್ದ ಅಮೆರಿಕ–ಇರಾನ್ ಅಣುಮಾತುಕತೆಯ ಆರನೇ ಸುತ್ತು ಜೂನ್ 15ಕ್ಕೆ ಮಸ್ಕತ್‌ನಲ್ಲೇ ನಿಗದಿಯಾಗಿತ್ತು. 13ರ ನಸುಕಿಗೆ ಇಸ್ರೇಲ್ ಇರಾನಿನ ಮೇಲೆ ಬಾಂಬು ಹಾಕಿತು, 22ರಂದು ಅಮೆರಿಕವೂ ಹಾಕಿತು. 15ರ ಸಭೆ ನಡೆಯಲಿಲ್ಲ.