ಗಾಜಿನಡಿಯ ಚೀಟಿ

ಇಕ್ಕಟ್ಟಿನ ಗಳಿಗೆಯಲ್ಲಿ ತತ್‌ಕ್ಷಣ ನಿರ್ಣಯ ಕೈಗೊಳ್ಳುವ ಧೀರರನ್ನು ಕುರಿತು ನನಗೆ ಅಪಾರವಾದ ಗೌರವವುಂಟು. ಆದರೆ ಅಂಥವರೊಡನೆ ಒಂದೇ ಕಚೇರಿಯಲ್ಲಿ ದುಡಿಯುವ ಯೋಗ ಒದಗಿದಾಗಲೆಲ್ಲ, ನಿರ್ಣಯ ಅವರದಾಗಿ ಅದರ ಫಲ ಮಾತ್ರ ನಮ್ಮ ಪಾಲಿಗೆ ಬಂದುದರಿಂದ, ಆ ಗೌರವವನ್ನು ದೂರದಿಂದಲೇ ಸಲ್ಲಿಸುವುದು ಕ್ಷೇಮವೆಂದು ಬಲ್ಲೆ. ನನ್ನ ಭಕ್ತಿಯೆಲ್ಲ ಮೇಜಿನ ಗಾಜಿನಡಿಯಲ್ಲಿ ಚೀಟಿಯೊಂದನ್ನು ಇರಿಸಿಕೊಂಡು ತೆಪ್ಪಗೆ ಕುಳಿತಿರುವವನಿಗೆ ಮೀಸಲು.

1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ನರು ಚಂದ್ರನ ಮೇಲೆ ಇಳಿಯುತ್ತಿದ್ದಾಗ, ನೆಲ ಇನ್ನೂ 30,000 ಅಡಿಗೂ ಮಿಕ್ಕಿ ಕೆಳಗಿರುವಂತೆಯೇ, ನೌಕೆಯ ಕಂಪ್ಯೂಟರು 1202 ಎಂಬ ಅಂಕಿಯನ್ನು ತೋರಿಸಿ ಅಪಾಯದ ಸೂಚನೆ ಕೊಟ್ಟಿತು. ಅದೇನೆಂದು ನೌಕೆಯಲ್ಲಿದ್ದ ಇಬ್ಬರಿಗೂ ತಿಳಿಯದು. ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ಉತ್ತರ ಹೇಳಬೇಕಾಗಿದ್ದ ಸ್ಟೀವ್ ಬೇಲ್ಸನಿಗೆ 26 ವರ್ಷ. ನಮ್ಮಲ್ಲಾದರೆ ಆ ಪ್ರಾಯದವನ ಕೈಗೆ ಬೀರುವಿನ ಬೀಗದ ಕೈಯನ್ನೂ ಕೊಡುವುದಿಲ್ಲ. ಅವನು ಹಿಂದಿನ ಕೋಣೆಯಲ್ಲಿದ್ದ ಜ್ಯಾಕ್ ಗಾರ್ಮನ್‌ನನ್ನು ಆಶ್ರಯಿಸಿದ. ಈತನೋ 24ರ ಹುಡುಗ. ಅವನ ಮೇಜಿನ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಗಾಜಿನಡಿಯಲ್ಲಿ ಸ್ವಹಸ್ತದಿಂದ ಬರೆದ ಪಟ್ಟಿಯೊಂದಿತ್ತು: ಇಂಥ ಅಂಕಿ ಬಂದರೆ ಇಂಥದ್ದನ್ನು ಮಾಡತಕ್ಕದ್ದು. ಅರ್ಧ ನಿಮಿಷ ತುಂಬುವಷ್ಟರಲ್ಲಿ ಮುಂದುವರಿಯಿರೆಂದು ಅಪ್ಪಣೆ ಹೋಯಿತು.

ಯಂತ್ರಕ್ಕೆ ಆಗಿದ್ದುದಿಷ್ಟೇ: ಕೈಮೀರಿ ಕೆಲಸ ಬಂದಿತ್ತು. ಹೇಳದೆ ಕೇಳದೆ ನೆಂಟರು ಬಂದಾಗ ಹಪ್ಪಳ ಕರಿಯುವುದನ್ನು ಬಿಟ್ಟು ಅನ್ನಕ್ಕೆ ಎಸರಿಡುವ ಗೃಹಿಣಿಯಂತೆ, ಅದು ಗೌಣವಾದುದನ್ನು ಕೈಬಿಟ್ಟು ಇಳಿಯುವ ಕಾರ್ಯವನ್ನು ಮಾತ್ರ ನಡೆಸಿಕೊಂಡು ಹೋಗುತ್ತಿತ್ತು. ಕೆಲವೇ ದಿನಗಳ ಹಿಂದೆ ನಡೆದ ತಾಲೀಮಿನಲ್ಲಿ ಇಂಥದೇ ಸೂಚನೆ ಬಂದು, ಬೇಲ್ಸ್ ಗಾಬರಿಯಿಂದ ಇಳಿಯುವುದನ್ನೇ ರದ್ದುಮಾಡಿಸಿದ್ದ. ಅದು ತಪ್ಪೆಂದು ತಿಳಿದಮೇಲೆ ನಿರ್ದೇಶಕ ಜೀನ್ ಕ್ರಾಂಜ್, ಅವನನ್ನು ವರ್ಗಮಾಡುವ ಬದಲು, ಎಲ್ಲ ಸೂಚನೆಗಳಿಗೂ ಉತ್ತರ ಬರೆದಿಡಿರೆಂದು ವಿಧಿಸಿದ. ವರ್ಗಮಾಡದೆ ಹೋದನಲ್ಲ, ನನಗೆ ಚಂದ್ರಯಾನಕ್ಕಿಂತಲೂ ಇದೇ ಹೆಚ್ಚಿನ ಪವಾಡವಾಗಿ ತೋರುತ್ತದೆ.

ಗಾಜು ನಮ್ಮ ಕಚೇರಿಯ ಮೇಜುಗಳ ಮೇಲೂ ಉಂಟು. ಅದರಡಿಯಲ್ಲಿ ತಿರುಪತಿ ತಿಮ್ಮಪ್ಪನ ಪಟ, ತುಟ್ಟಿಭತ್ಯದ ಆದೇಶ, ಎಂದೋ ಚೆಲ್ಲಿದ ಕಾಫಿಯಿಂದ ಅಂಚು ಕಂದಿದ ರಜಾದಿನಗಳ ಪಟ್ಟಿ. ಒಮ್ಮೆ ಮಾರ್ಚ್ 31ರ ಸಾಯಂಕಾಲ, ಕುರ್ಚಿ ಮೇಜುಗಳ ಬಿಲ್ಲು ಇನ್ನೂ ಖಜಾನೆಗೆ ಹೋಗದೆ, ವರ್ಷದ ಅನುದಾನವೆಲ್ಲ ಕಣ್ಣೆದುರಿಗೇ ಲ್ಯಾಪ್ಸ್ ಆಗುವ ಹೊತ್ತಿನಲ್ಲಿ, ಸಾಹೇಬರು ನಮ್ಮನ್ನೆಲ್ಲ ಕರೆಸಿ, "ಏನ್ರೀ, ಈಗ ಮಾಡೋದೇನು?" ಎಂದರು.

"ತಾವು ಹೇಳಿದ ಹಾಗೆ, ಸಾರ್."

"ನಾನು ಕೇಳ್ತಿರೋದು ನಿಮ್ಮನ್ನ."

"ಅದೇ ಸಾರ್, ತಾವು ಹ್ಯಾಗೆ ಹೇಳಿದರೆ ಹಾಗೆ."

ಗೌಣವಾದುದನ್ನು ಕೈಬಿಡುವ ವಿದ್ಯೆ ನಮಗೂ ಗೊತ್ತಿದ್ದುದರಿಂದ ಬಿಲ್ಲಿನ ಮಾತು ಬಲುಬೇಗ ಹಿಂದೆ ಸರಿದು, ಈ ವಿಳಂಬಕ್ಕೆ ಯಾರಿಂದ ವಿವರಣೆ ಕೇಳತಕ್ಕದ್ದೆಂಬ ಪ್ರಧಾನ ವಿಷಯ ಮುಂದಕ್ಕೆ ಬಂತು. ಆ ಚರ್ಚೆ ನನ್ನ ಹೆಸರಿನ ಸಮೀಪಕ್ಕೆ ಬರುತ್ತಿದ್ದಂತೆ, ಪುಣ್ಯಾತ್ಮರಾದ ಹೆಡ್ ಕ್ಲಾರ್ಕರು ಗಾಜಿನ ಮೇಲೆ ಕನ್ನಡಕವನ್ನು ತಗಲಿಸುವಂತೆ ಬಾಗಿ, ಬೆರಳಿಟ್ಟು ಓದಿ, "ಸಾರ್, ನಾಳೆ ಹೇಗೂ ರಜೆ" ಎಂದರು. ಸಾಹೇಬರ ಮುಖ ಅರಳಿತು. ಕಡತದ ಅಂಚಿನಲ್ಲಿ ಹಸಿರು ಶಾಯಿಯಿಂದ 'ಚರ್ಚಿಸಿ' ಎಂದು ಬರೆದು, ಜವಾನನನ್ನು ಕರೆದು ಎಲ್ಲರಿಗೂ ಕಾಫಿ ತರಿಸಿದರು.